ಮುರಿಯದ ಮೊಹರು

ಬಡಗಿ ಮಾಚೆಯ್ ಬಾಫಿಯಾ ಬಿದ್ದ ಮೇಲೆ ಐವತ್ತು ನಿಮಿಷ ಉಸಿರಾಡಿದ. ಆ ಐವತ್ತು ನಿಮಿಷದಲ್ಲಿ ಆಂಬುಲೆನ್ಸಿಗೆ ಯಾರೂ ಫೋನ್ ಮಾಡಲಿಲ್ಲ. ಅಲ್ಲಿ ಫೋನ್ ಇದ್ದದ್ದು ಒಬ್ಬನ ಬಳಿ ಮಾತ್ರ, ಸೈಟ್ ಮ್ಯಾನೇಜರ್ ರೊಮುವಾಲ್ಡ್ ಗಾವ್ಲಿಕ್‌ನ ಬಳಿ.

ಬಡಗಿಗಳ ಫೋನುಗಳು ಬೀಟ್‌ಗಡ್ಡೆ ಹೊಲದಾಚೆಯ ವಸತಿಗೃಹದಲ್ಲಿ, ಅವರವರ ಮಂಚದ ಮೇಲೆ ಇದ್ದವು. ಅದು ಗಾವ್ಲಿಕ್ ಮಾಡಿದ್ದ ನಿಯಮ. ಫೋನು ಎಲ್ಲಿದೆಯೋ ಮನುಷ್ಯನೂ ಅಲ್ಲೇ ಇದ್ದಾನೆಂದು ಸರ್ಕಾರ ನಂಬುವ ಕಾಲ ಅದು. ಕಾಗದದ ಪ್ರಕಾರ ಆ ಎಂಟು ಬಡಗಿಗಳೂ ಇಪ್ಪತ್ತನಾಲ್ಕು ದಿನದಿಂದ ಕೋಣೆ ಬಿಟ್ಟು ಹೊರಬಂದಿರಲಿಲ್ಲ.

ಮಾರ್ಚ್ ಮೂವತ್ತೊಂದರಂದು ಅವರ ಅಡಿಗೆಯವಳಿಗೆ ಸೋಂಕು ತಗುಲಿದ್ದು ಗೊತ್ತಾಯಿತು. ಅಂದೇ ಮಧ್ಯಾಹ್ನ ಆರೋಗ್ಯ ಇಲಾಖೆಯವನೊಬ್ಬ ಕಾಗದದಂಥ ಬಿಳಿ ನಿಲುವಂಗಿ ತೊಟ್ಟು ಬಂದ. ಹಿಂದಿನ ರಾತ್ರಿ ಬಿದ್ದ ಹಿಮ ಇನ್ನೂ ಕರಗಿರಲಿಲ್ಲ. ಬೇಲಿಯಾಚೆ ಭೂರ್ಜ ಮರಗಳು ಬೋಳು ಕಡ್ಡಿಗಳಾಗಿ ನಿಂತಿದ್ದವು. ಬಡಗಿಗಳು ಕೆಲಸ ಮಾಡುತ್ತಿದ್ದ ಮನೋರಂಜನಾ ಪಾರ್ಕಿನಲ್ಲಿ ಅವನು ಗೇಟಿನ ಬಳಿಯಿಂದ ಮುಂದಕ್ಕೆ ಹೋಗಲಿಲ್ಲ, ತಲೆಯೆತ್ತಿ ಅರ್ಧ ಎದ್ದಿದ್ದ ಕಟ್ಟಡವನ್ನೂ ನೋಡಲಿಲ್ಲ. ಗೇಟಿನ ಪಕ್ಕದಲ್ಲೇ ಸಾಮಾನಿಟ್ಟಿದ್ದ ಕಬ್ಬಿಣದ ಕಂಟೇನರನ್ನು ಗಾವ್ಲಿಕ್‌ನ ಕೈಯಲ್ಲೇ ಮುಚ್ಚಿಸಿ ಪಟ್ಟಿ ಅಂಟಿಸಿದ, ಗೇಟಿಗೆ ಅಂಕಿಯಿದ್ದ ಸೀಸದ ಮೊಹರು ಹಾಕಿದ, ಹೊರಟುಹೋದ. ಹದಿನಾಲ್ಕು ದಿನ ಪ್ರತ್ಯೇಕವಾಸ. ಅದು ಮುಗಿಯುವ ಹೊತ್ತಿಗೆ ಬಡಗಿಗಳಲ್ಲೊಬ್ಬನಿಗೂ ಸೋಂಕು ಬಂದು ಇನ್ನೂ ಹದಿನಾಲ್ಕು ದಿನ.

'ಹಾಲ್ನಿ' ಆ ಪಾರ್ಕಿನ ಹೊಸ ಸವಾರಿ, ಮರದಿಂದಲೇ ಕಟ್ಟುತ್ತಿದ್ದ ರೋಲರ್ ಕೋಸ್ಟರ್. ಬೆಟ್ಟದಿಂದಿಳಿದು ಮನುಷ್ಯರ ತಲೆ ಕೆಡಿಸುವ ಗಾಳಿಯ ಹೆಸರನ್ನು ಅದಕ್ಕಿಟ್ಟಿದ್ದರು. ಮೇ ಒಂದಕ್ಕೆ ಓಡಬೇಕಿತ್ತು. ದೇಶಕ್ಕೆ ದೇಶವೇ ಮುಚ್ಚಿದಾಗ ಪಾರ್ಕಿನ ಒಡೆಯ ಅದನ್ನು ಜೂನ್‌ಗೆ ತಳ್ಳಿದ. ಜೂನ್ ಆಚೆಗೆ ತಳ್ಳಲು ಅವನು ಸಿದ್ಧನಿರಲಿಲ್ಲ. ಅವನ ಫೋನು ದಿನಕ್ಕೊಮ್ಮೆ ಬರುತ್ತಿತ್ತು. ಕೆಲಸ ಮಾಡಿಸು ಎಂದು ಅವನು ಒಮ್ಮೆಯೂ ಹೇಳಲಿಲ್ಲ. ಜೂನ್‌ನಲ್ಲಿ ಓಡದಿದ್ದರೆ ಗಾವ್ಲಿಕ್‌ನ ಜಾಗದಲ್ಲಿ ಬೇರೆಯವನು ಕೂತಿರುತ್ತಾನೆ ಎಂದಷ್ಟೇ ಹೇಳಿದ. ದೊಡ್ಡವರು ಆಜ್ಞೆಯನ್ನು ಬಾಯಿಂದ ಆಡುವುದಿಲ್ಲ, ಅದನ್ನು ಊಹಿಸಿಕೊಳ್ಳುವವರನ್ನು ಸಂಬಳ ಕೊಟ್ಟು ಸಾಕುತ್ತಾರೆ.

ಗಾವ್ಲಿಕ್ ಊಹಿಸಿಕೊಂಡ. ಬೆಳಗ್ಗೆ ಹತ್ತಕ್ಕೆ ಪೊಲೀಸ್ ಕಾರು ವಸತಿಗೃಹದ ಮುಂದೆ ನಿಂತು ಹಾರ್ನ್ ಹೊಡೆಯುತ್ತಿತ್ತು. ಒಬ್ಬೊಬ್ಬರೂ ಕಿಟಕಿಗೆ ಬಂದು ಕೈ ಬೀಸಬೇಕು.

"ಏನ್ರಪ್ಪಾ ಬೆಟ್ಟದವ್ರೇ, ಇನ್ನೂ ಜೀವ ಇದ್ಯಾ?" ಎಂದು ಪೊಲೀಸಿನವನು ಕೆಳಗಿನಿಂದ ಕೂಗುತ್ತಿದ್ದ.

"ಇದೆ ಸಾಹೇಬ್ರೆ, ಬಾಡಿಗೆಗೆ ಬೇಕಾಗಿತ್ತಾ?" ಎಂದು ಮೂರನೇ ಮಹಡಿಯಿಂದ ಮಾಚೆಯ್ ಉತ್ತರ ಕೊಡುತ್ತಿದ್ದ.

ಕಾರು ತಿರುಗಿದ ಅರ್ಧ ಗಂಟೆಗೆ ಎಂಟು ಜನವೂ ಅಡಿಗೆಮನೆಯ ಹಿಂಬಾಗಿಲಿನಿಂದ ಇಳಿದು, ಹೊಲ ದಾಟಿ, ಬೇಲಿಯಲ್ಲಿ ಮೊಳೆ ಸಡಿಲಿಸಿಟ್ಟ ನಾಲ್ಕು ಹಲಗೆಗಳನ್ನು ಎತ್ತಿ ಒಳಗೆ ಬರುತ್ತಿದ್ದರು. ಗೇಟಿನ ಮೊಹರು ಹಾಗೇ ಇತ್ತು. ಕಂಟೇನರಿನ ಪಟ್ಟಿಯೂ ಹಾಗೇ ಇತ್ತು. ಎತ್ತರದಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುವ ಬೆಲ್ಟುಗಳು, ಹಗ್ಗಗಳು ಆ ಪಟ್ಟಿಯ ಹಿಂದೆ ಇದ್ದವು.

ಮೊದಲ ದಿನವೇ ಕ್ಲಿಮೆಕ್ ಮೇಸ್ತ್ರಿ ಕೇಳಿದ್ದ. ಕ್ಲಿಮೆಕ್ ಗುಟ್, ಅರವತ್ತನಾಲ್ಕು ವರ್ಷದ ಬಡಗಿ, ಮಾಚೆಯ್‌ನ ಸೋದರಮಾವ. ಹುಡುಗನ ಕೈಗೆ ಮೊದಲು ಉಳಿ ಕೊಟ್ಟವನು.

"ಬೆಲ್ಟಿಲ್ದೆ ಹತ್ತೋದು ಹ್ಯಾಗೆ ಯಜಮಾನ್ರೆ?"

"ಬೆಟ್ಟದಲ್ಲಿ ಹುಟ್ಟಿದವ್ರಿಗೆ ಬೆಲ್ಟ್ ಯಾಕ್ರೀ ಮೇಸ್ತ್ರಿ? ಆಡಿಗೆ ಯಾರಾದ್ರೂ ಹಗ್ಗ ಕಟ್ತಾರಾ?"

ಕೆಲವರು ನಕ್ಕರು. ಆ ನಗು ಗಾವ್ಲಿಕ್‌ಗೆ ಒಪ್ಪಿಗೆಯಂತೆ ಕೇಳಿಸಿತು.

ಏಪ್ರಿಲ್ ಇಪ್ಪತ್ತನಾಲ್ಕರಂದು ನಲವತ್ತೆಂಟು ಮೀಟರ್ ಎತ್ತರದ ಕೊನೆಯ ಚೌಕಟ್ಟು ಏರಿತು. ಐದಕ್ಕೆ ಹತ್ತು ನಿಮಿಷ ಇರುವಾಗ ಮಾಚೆಯ್ ತುದಿಯಿಂದ ಇಳಿಯುತ್ತಿದ್ದ. ಇನ್ನೇನು ನೆಲ ಬಂತು ಅನ್ನುವಾಗ, ಹನ್ನೆರಡು ಮೀಟರ್ ಎತ್ತರದಲ್ಲಿ, ಅಡ್ಡಪಟ್ಟಿಯ ಮೇಲಿಟ್ಟ ಕಾಲು ಜಾರಿತು. ಗಾವ್ಲಿಕ್ ಓಡಿಬರುವ ಹೊತ್ತಿಗೆ ಕ್ಲಿಮೆಕ್ ನೆಲದಲ್ಲಿ ಕೂತು ಹುಡುಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ.

"ಫೋನ್ ಮಾಡಿ ಯಜಮಾನ್ರೆ," ಎಂದ ಮೇಸ್ತ್ರಿ.

"ಎರಡು ನಿಮಿಷ ಯೋಚಿಸೋಕೆ ಬಿಡಿ."

ಮೇಸ್ತ್ರಿ ಮೂರು ಸಲ ಕೇಳಿದ. ಗಾವ್ಲಿಕ್ ಫೋನನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡು ಗುಂಡಿ ಹಾಕಿದ. ಆಂಬುಲೆನ್ಸ್ ಬಂದರೆ ಗೇಟು ತೆರೆಯಬೇಕು. ಗೇಟು ತೆರೆದರೆ ಮೊಹರು ಒಡೆಯಬೇಕು. ಮೊಹರಿನ ಹಿಂದೆ ಎಂಟು ಬಡಗಿಗಳು, ಅದರಲ್ಲೊಬ್ಬ ರಕ್ತ ಕಾರುತ್ತಿರುವವನು. ಒಡೆಯ ಅದೇ ರಾತ್ರಿ ಹೇಳಿಕೆ ಕೊಡುತ್ತಾನೆ: ನನಗೇನೂ ತಿಳಿಯದು, ಎಲ್ಲ ಮ್ಯಾನೇಜರನದೇ. ಸೆರೆಮನೆಗೆ ಹೋಗುವವನು ಯಾರೆಂದು ಗಾವ್ಲಿಕ್‌ಗೆ ಚೆನ್ನಾಗಿ ಗೊತ್ತಿತ್ತು. ಇಷ್ಟಕ್ಕೂ ಹುಡುಗ ಉಳಿಯುವುದಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಂಡ ಮೇಲೆ ಕಾಯುವುದು ಸುಲಭವಾಯಿತು.

ಐದೂ ನಲವತ್ತಕ್ಕೆ ಉಸಿರು ನಿಂತಿತು. ಅಷ್ಟರಲ್ಲಿ ಅವನ ಯೋಚನೆಯೂ ಪೂರ್ತಿಯಾಗಿತ್ತು.

ಬಿದ್ದ ಗಾಯ ಬಿದ್ದ ಗಾಯವೇ. ಅದಕ್ಕೆ ವಿಳಾಸ ಇರುವುದಿಲ್ಲ. ಹನ್ನೆರಡು ಮೀಟರ್ ಮೇಲಿನ ಅಡ್ಡಪಟ್ಟಿಗೂ ವಸತಿಗೃಹದ ಮೂರನೇ ಮಹಡಿಯ ಬಾಲ್ಕನಿಗೂ ಎತ್ತರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಕೆಳಗೆ ಇಲ್ಲೂ ಕಾಂಕ್ರೀಟು, ಅಲ್ಲೂ ಕಾಂಕ್ರೀಟು. ಇಪ್ಪತ್ತನಾಲ್ಕು ದಿನ ಕೋಣೆಯಲ್ಲಿ ಕೂಡಿಹಾಕಿದ ಬೆಟ್ಟದ ಮನುಷ್ಯ ಸಿಗರೇಟು ಸೇದಲು ಬಾಲ್ಕನಿಗೆ ಬಂದ, ಕಟಕಟೆಯ ಮೇಲೆ ಕೂತ, ಆಯ ತಪ್ಪಿತು. ಇದರಲ್ಲಿ ನಂಬದಿರುವಂಥದ್ದು ಏನಿದೆ? ಸೋಂಕಿನ ಮನೆ. ಡಾಕ್ಟರು ಹತ್ತಿರ ಬರಲು ಹೆದರುತ್ತಾನೆ, ತನಿಖೆಗೆ ಬರುವ ಸರ್ಕಾರಿ ವಕೀಲ ಬಾಗಿಲಲ್ಲೇ ನಿಂತು ನೋಡುತ್ತಾನೆ, ಹೆಣ ಎರಡು ಚೀಲದೊಳಗೆ ಹೋಗುತ್ತದೆ, ಪೆಟ್ಟಿಗೆ ಮುಚ್ಚುತ್ತದೆ. ದೇಶದಲ್ಲಿ ಯಾರೂ ಯಾರ ಹೆಣವನ್ನೂ ಬಿಚ್ಚಿ ನೋಡುತ್ತಿಲ್ಲ. ಇಂಥ ಕಾಲ ನೂರು ವರ್ಷಕ್ಕೊಮ್ಮೆ ಬರುತ್ತದೆ.

ವೋಡ್ಕಾ ಸುರಿಯುವ ಯೋಚನೆ ಒಂದು ಕ್ಷಣ ಬಂತು. ಬೇಡವೆಂದ. ಸಿಕ್ಕಿಬೀಳುವವರೆಲ್ಲ ಸಿಕ್ಕಿಬೀಳುವುದು ಸುಳ್ಳಿಗೆ ಮಸಾಲೆ ಹೆಚ್ಚಾಗಿ. ಒಂದು ಕುರ್ಚಿ, ಒಂದು ಸಿಗರೇಟು ಪೊಟ್ಟಣ, ಅಷ್ಟು ಸಾಕು. ಕೇಳಿದ್ದಕ್ಕಿಂತ ಹೆಚ್ಚು ಒಂದು ಮಾತೂ ಹೇಳಬಾರದು. ಇದು ಅವನು ತನಗೆ ಹಾಕಿಕೊಂಡ ನಿಯಮ.

ಬಡಗಿಗಳನ್ನು ಸಾಲಾಗಿ ನಿಲ್ಲಿಸಿ ಮಾತಾಡಿದ. ದನಿ ಎತ್ತಲಿಲ್ಲ. ಪ್ರತ್ಯೇಕವಾಸ ಮುರಿದವರಿಗೆ ತಲೆಗೆ ಮೂವತ್ತು ಸಾವಿರ ಝ್ಲೋಟಿ ದಂಡವಿದೆ, ಸೋಂಕು ಹರಡಿದರೆ ಜೈಲೂ ಇದೆ, ತಪ್ಪು ಮಾಡಿದವರು ಎಂಟು ಜನ, ತಾನೊಬ್ಬನಲ್ಲ ಎಂದು ವಿವರಿಸಿದ. ಮಾಚೆಯ್ ಹೇಗೂ ಹೋದ, ಉಳಿದವರ ಮನೆಯ ಒಲೆ ಉರಿಯಲಿ ಎಂದ. ಮೇಸ್ತ್ರಿ ತನ್ನ ಟೋಪಿ ತೆಗೆದು ಹುಡುಗನ ಮುಖದ ಮೇಲಿಟ್ಟ. ಅದನ್ನೂ ಗಾವ್ಲಿಕ್ ಒಪ್ಪಿಗೆಯ ಲೆಕ್ಕಕ್ಕೇ ಸೇರಿಸಿಕೊಂಡ.

ನಾಲ್ಕು ಜನ ಟಾರ್ಪಾಲಿನಲ್ಲಿ ಹೆಣವನ್ನು ಹೊತ್ತು ಬೇಲಿ ದಾಟಿಸಿದರು. ಹೊರಗೆ ವ್ಯಾನು ಭೂರ್ಜ ಮರಗಳ ಹಸಿರು ನೆರಳಲ್ಲಿ ನಿಂತಿತ್ತು, ರಸ್ತೆಯಿಂದ ಕಾಣುತ್ತಿರಲಿಲ್ಲ. ಗಾವ್ಲಿಕ್ ಹಿಂದೆ ಉಳಿದು ನೆಲ ತೊಳೆದ. ಹೊಸ ಮರದ ಹೊಟ್ಟು ಗುಡಿಸಿ ಚೀಲಕ್ಕೆ ತುಂಬಿದ. ಉಳಿ, ಸುತ್ತಿಗೆ, ಊಟದ ಡಬ್ಬಿಗಳನ್ನು ಎಣಿಸಿ ಒಯ್ದ. ಬೂಟಿನ ಗುರುತುಗಳ ಮೇಲೆ ಕುಂಟೆ ಎಳೆದ. ಬೇಲಿಯ ಹಲಗೆಗಳಿಗೆ ಹಳೆಯ ಮೊಳೆಯನ್ನೇ ಹಳೆಯ ತೂತಿಗೇ ಹೊಡೆದ. ನೆಲದ ಮೇಲೆ ಅವನ ಕಣ್ಣಿಗೆ ಬೀಳದ ಒಂದು ಕಡ್ಡಿಯೂ ಉಳಿಯಲಿಲ್ಲ.

ಹೊತ್ತು ಮುಳುಗುವಾಗ ಪೊಲೀಸರಿಗೆ ಫೋನ್ ಮಾಡಿದವನೂ ಅವನೇ. ಐವತ್ತು ನಿಮಿಷ ಹೊರಬರದಿದ್ದ ಫೋನು ಆಗ ಜೇಬಿನಿಂದ ಬಂತು.

ಎಲ್ಲ ಅವನು ಕಂಡಂತೆಯೇ ನಡೆಯಿತು. ಡಾಕ್ಟರು ಕೈಗೆರಡು ಗವುಸು ಹಾಕಿಕೊಂಡು ಕುತ್ತಿಗೆ ಮುಟ್ಟಿ ಎದ್ದ. ಸರ್ಕಾರಿ ವಕೀಲ ವಸತಿಗೃಹದ ಗೇಟಿನ ಆಚೆಯಿಂದಲೇ ಬಾಲ್ಕನಿ ನೋಡಿದ, ಕುರ್ಚಿ ನೋಡಿದ. ಬೆಳಗ್ಗೆ ಕೈ ಬೀಸಿಸಿಕೊಂಡಿದ್ದ ಪೊಲೀಸಿನವನು ಹೆಲ್ಮೆಟ್ಟಿನಂಥ ಪಾರದರ್ಶಕ ಮುಖವಾಡದ ಹಿಂದೆ ನಿಂತು, ಜೀವ ಬಾಡಿಗೆಗೆ ಬೇಕಾ ಅಂತ ಇವತ್ತೂ ತಮಾಷೆ ಮಾಡಿದ್ದ ಎಂದ. ಅದೇ ಸಾಕ್ಷಿಯಾಯಿತು. ಹೇಳಿಕೆಯಲ್ಲಿ ಗಾವ್ಲಿಕ್ ಬರೆಸಿದ ಮಾತು: ಮೃತನ ಸ್ವಂತ ಅಜಾಗರೂಕತೆ.

ಆ ಮಾತು ಅವನಿಗೆ ಹೊಸದಲ್ಲ. ಅವನ ಅಪ್ಪ ಕಲ್ಲಿದ್ದಲ ಗಣಿಯಲ್ಲಿ ಸತ್ತಾಗ ಗಣಿಯವರು ಕಳಿಸಿದ ಕಾಗದದಲ್ಲಿ ಅದೇ ಮಾತಿತ್ತು. ಅವ್ವ ಆ ಕಾಗದವನ್ನು ಅಡಿಗೆಮನೆಯ ಮೇಜಿನ ಮೇಲಿಟ್ಟು ಉಪ್ಪಿನ ಜಾಡಿಯನ್ನು ಅದರ ಮೇಲೆ ಹೇರಿದ್ದಳು, ಹಾರಿಹೋದರೆ ಎಂದು. ಪಿಂಚಣಿ ಬರಲಿಲ್ಲ. ಅವ್ವ ಇಪ್ಪತ್ತು ವರ್ಷ ಬೇರೆಯವರ ಮೆಟ್ಟಿಲು ತೊಳೆದಳು. ಒಂದು ಸಾಲಿನಲ್ಲಿ ಎಷ್ಟು ಬಲವಿದೆಯೆಂದು ಗಾವ್ಲಿಕ್ ಏಳನೇ ವಯಸ್ಸಿಗೇ ಕಲಿತಿದ್ದ. ಅದನ್ನು ಯಾವ ಕಡೆ ನಿಂತು ಬರೆಯಬೇಕೆನ್ನುವುದನ್ನು ಆಮೇಲೆ ಕಲಿತ.

ಮರುದಿನ ಬೆಳಗ್ಗೆ ಗೇಟಿನ ಹೊರಗಿದ್ದ ಪಾರ್ಕಿನ ಕಚೇರಿಯ ಕಿಟಕಿಯಿಂದ ಕಟ್ಟಡದ ಕಡೆ ನೋಡಿದ. ನಲವತ್ತೆಂಟು ಮೀಟರ್ ಮೇಲೆ, ತುತ್ತತುದಿಯ ಚೌಕಟ್ಟಿಗೆ, ಒಂದು ಮರದ ಕೊಂಬೆ ಕಟ್ಟಿತ್ತು. ಅದರ ಕೆಂಪು ರಿಬ್ಬನ್ ಗಾಳಿಗೆ ಹಾರುತ್ತಿತ್ತು. ನಿನ್ನೆ ಮಾಚೆಯ್ ತುದಿಗೆ ಎರಡನೇ ಸಲ ಯಾಕೆ ಹತ್ತಿದ್ದನೆಂದು ಈಗ ಗೊತ್ತಾಯಿತು. ಕಟ್ಟಡದ ನೆತ್ತಿ ಮುಟ್ಟಿದ ದಿನ ಅಲ್ಲೊಂದು ಕೊಂಬೆ ಕಟ್ಟದ ಬಡಗಿ ಈ ದೇಶದಲ್ಲಿಲ್ಲ. ಕೊಂಬೆ ಕಂಡ ಮೇಲೆ ಒಡೆಯ ಎಲ್ಲರಿಗೂ ಊಟ ಹಾಕಬೇಕು. ಅಲ್ಲಿಯವರೆಗೆ ಅದು ಇಳಿಯುವುದಿಲ್ಲ. ಇಳಿಸುವಾಗಲೂ ಕಟ್ಟಿದವನೇ ಬಿಚ್ಚಬೇಕು, ಬೇರೆ ಕೈ ತಾಗಿದರೆ ಕಟ್ಟಡಕ್ಕೆ ಕೇಡು ಎಂದು ಬೆಟ್ಟದ ಬಡಗಿಗಳ ನಂಬಿಕೆ. ಇದನ್ನು ಮೇಸ್ತ್ರಿ ಒಮ್ಮೆ ಹೇಳಿದಾಗ ಗಾವ್ಲಿಕ್ ನಕ್ಕಿದ್ದ.

ಅವನು ಕಿಟಕಿಯ ಬಳಿ ಬಹಳ ಹೊತ್ತು ನಿಂತ. ಇಳಿಸಬೇಕೆಂದರೆ ಯಾರಾದರೂ ಹಗಲಲ್ಲಿ ಹತ್ತಬೇಕು, ಹೆದ್ದಾರಿಯಿಂದ ಕಾಣುತ್ತದೆ. ಯೋಚಿಸುತ್ತ ಹೋದಂತೆ ಭಯ ಇಳಿದು ಒಂದು ಬಗೆಯ ಸಂತೋಷ ಹುಟ್ಟಿತು. ನಿಜ ಹೇಳಬೇಕೆಂದರೆ ಅವನ ಯೋಜನೆಯಲ್ಲಿ ಒಂದು ತೂತು ಉಳಿದಿತ್ತು. ಮಾರ್ಚ್ ಮೂವತ್ತೊಂದರಂದು ಕೆಲಸ ನಿಂತಾಗ ಕಟ್ಟಡ ತುದಿ ಮುಟ್ಟಿರಲಿಲ್ಲ, ಈಗ ಮುಟ್ಟಿದೆ. ಅದಕ್ಕಾಗಿ ಕಟ್ಟಡದ ದಿನಚರಿ ಪುಸ್ತಕದಲ್ಲಿ ಆ ದಿನದ ಪುಟದ ಕೆಳಗೆ ಉಳಿದಿದ್ದ ಜಾಗದಲ್ಲಿ 'ಕೊನೆಯ ಚೌಕಟ್ಟು ಏರಿಸಲಾಯಿತು' ಎಂದು ಅವನು ಆಗಲೇ ಬರೆದಿದ್ದ. ಒಣ ಶಾಯಿಯ ಒಂದು ಸಾಲನ್ನು ಯಾರಾದರೂ ಅನುಮಾನಿಸಬಹುದು. ಆದರೆ ಕೊಂಬೆಯನ್ನು? ಚೌಕಟ್ಟು ಏರಿದ ದಿನವೇ ಕೊಂಬೆ ಏರುತ್ತದೆ, ಇದು ಮಗುವಿಗೂ ಗೊತ್ತು. ಸತ್ತವನು ತನಗೆ ತಿಳಿಯದೆಯೇ ಮ್ಯಾನೇಜರನ ಪರ ಸಾಕ್ಷಿ ಕಟ್ಟಿಹೋಗಿದ್ದ. ಗಾವ್ಲಿಕ್ ಪೆನ್ನು ತೆಗೆದು ಅದೇ ಸಾಲಿನ ಮುಂದೆ ಸೇರಿಸಿದ: 'ಪದ್ಧತಿಯಂತೆ ಅದೇ ದಿನ ಕೊಂಬೆ ಕಟ್ಟಲಾಯಿತು.' ಹೆಚ್ಚು ಒಂದು ಮಾತೂ ಬೇಡವೆಂದು ತಾನೇ ಹಾಕಿಕೊಂಡ ನಿಯಮ ಆ ಕ್ಷಣ ಅವನಿಗೆ ನೆನಪಾಗಲಿಲ್ಲ.

ನಾಲ್ಕು ದಿನಕ್ಕೆ ಪ್ರತ್ಯೇಕವಾಸ ಮುಗಿಯಿತು. ಉಳಿದ ಏಳು ಜನರನ್ನು ಅವನು ಬಸ್ಸಿನಲ್ಲಿ ಬೆಟ್ಟಕ್ಕೆ ಕಳಿಸಿಬಿಟ್ಟ. ಇಲಾಖೆಯವರಿಗೆ ಗೇಟಿನ ಮೊಹರು ತೆಗೆಯಲು ಪುರುಸೊತ್ತಿರಲಿಲ್ಲ. ಗಾವ್ಲಿಕ್ ಅವಸರ ಮಾಡಲಿಲ್ಲ. ಆ ಸೀಸದ ತುಂಡು ಗೇಟಿನ ಮೇಲೆ ಇದ್ದಷ್ಟು ದಿನವೂ ಅವನಿಗೆ ಲಾಭವೇ.

ಮಾಚೆಯ್‌ನ ಮಣ್ಣು ಅವನ ಊರಲ್ಲಿ ಆಯಿತು. ಮುಚ್ಚಿದ ಪೆಟ್ಟಿಗೆ. ಹೆಂಡತಿ ಹಾನ್ಕಾಗೆ ಮುಖ ತೋರಿಸಲಿಲ್ಲ. ಬೇಕೆಂದೇ ಹಾರಿರಬಹುದೆಂದು ಊರಲ್ಲಿ ಮಾತು ಹುಟ್ಟಿ, ಪಾದ್ರಿ ಪ್ರಾರ್ಥನೆಯನ್ನು ಗಡಿಬಿಡಿಯಲ್ಲಿ ಮುಗಿಸಿದ ಎಂದು ಗಾವ್ಲಿಕ್‌ನ ಕಿವಿಗೆ ಬಿತ್ತು. ಕೆಲಸದ ಮೇಲಿದ್ದಾಗ ಸತ್ತಿಲ್ಲವಾದ್ದರಿಂದ ವಿಧವೆಗೂ ಇಬ್ಬರು ಹೆಣ್ಣುಮಕ್ಕಳಿಗೂ ಪಿಂಚಣಿ ಇಲ್ಲ ಎಂಬ ಕಾಗದ ಅವನ ಕಚೇರಿಯ ಮೂಲಕವೇ ಹೋಯಿತು. ಅದಕ್ಕೆ ಅಂಚೆಚೀಟಿ ಅಂಟಿಸುವಾಗ ಉಪ್ಪಿನ ಜಾಡಿ ನೆನಪಾಯಿತು. ಅಂಟಿಸಿದ.

ಹಾನ್ಕಾ ಸುಮ್ಮನೆ ಕೂರಲಿಲ್ಲ. ಗಂಡ ದಿನವೂ ಕೆಲಸಕ್ಕೆ ಹೋಗುತ್ತಿದ್ದ, ಸಂಜೆ ಫೋನಿನಲ್ಲಿ ತನಗೆ ಹೇಳುತ್ತಿದ್ದ ಎಂದು ಕಾರ್ಮಿಕ ಇಲಾಖೆಗೆ ಬರೆದಳು. ಮೇ ಹತ್ತೊಂಬತ್ತಕ್ಕೆ ತನಿಖಾಧಿಕಾರಿ ಬಂದಳು: ತೆಕ್ಲಾ ವ್ರುಬೆಲ್, ಐವತ್ತರ ಹೆಂಗಸು, ಮಣ್ಣು ಮೆತ್ತಿದ ಬೂಟು, ಕೊರಳಿಗೆ ಕ್ಯಾಮೆರಾ. ಮೇಸ್ತ್ರಿಯನ್ನೂ ಸಾಕ್ಷಿಯೆಂದು ಕರೆಸಿದ್ದಳು. ಗಾವ್ಲಿಕ್‌ಗೆ ಅಳುಕಿರಲಿಲ್ಲ. ಕ್ಲಿಮೆಕ್ ಬಾಯಿ ಬಿಟ್ಟರೆ ಅವನದೂ ಉಳಿದ ಆರು ಜನರದೂ ಮೂವತ್ತು ಮೂವತ್ತು ಸಾವಿರ ಎದ್ದು ನಿಲ್ಲುತ್ತದೆ. ಬರುವಾಗ ಕಾರಿನ ಬಳಿ ಅದನ್ನೊಮ್ಮೆ ಮೆಲ್ಲಗೆ ನೆನಪಿಸಿಯೂ ಇದ್ದ.

ಗೇಟಿನ ಮುಂದೆ ಗಾವ್ಲಿಕ್ ತಾನೇ ಮುಂದಾಗಿ ಮೊಹರಿನ ಅಂಕಿಯನ್ನು ಕಾಗದದೊಂದಿಗೆ ಹೋಲಿಸಿ ತೋರಿಸಿದ. ಹೊಂದಿತು. ಮಾರ್ಚ್ ಮೂವತ್ತೊಂದರಿಂದ ಇಂದಿನವರೆಗೆ ಒಳಗೆ ಯಾರೂ ಕಾಲಿಟ್ಟಿಲ್ಲವೆಂಬ ಹೇಳಿಕೆಗೆ ಸಹಿ ಹಾಕಿದ. ತೆಕ್ಲಾ ಮೊಹರು ಕತ್ತರಿಸಿದಳು. ಒಳಗೆ ಕಂಟೇನರಿನ ಪಟ್ಟಿ ಅಂಟಿದಂತೆಯೇ ಇತ್ತು. ನೆಲ ಶುದ್ಧ. ಬೇಲಿ ಗಟ್ಟಿ. ಅವಳು ದಿನಚರಿಯ ಪುಟ ತಿರುವಿ ಕೊನೆಯ ಸಾಲಿನಲ್ಲಿ ನಿಂತಳು.

"ಕೊಂಬೆ ಕೂಡ ಮೂವತ್ತೊಂದನೇ ತಾರೀಖೇ ಕಟ್ಟಿದ್ದಾ?"

"ಅದೇ ದಿನ ಮೇಡಂ. ನಾನೇ ನಿಂತು ನೋಡಿದೀನಿ."

"ಆಮೇಲೆ ಮೇಲಕ್ಕೆ ಯಾರೂ ಹತ್ತಿಲ್ಲ?"

"ಮೊಹರು ಈಗ ನೀವೇ ಕತ್ತರಿಸಿದ್ರಲ್ಲ."

ತೆಕ್ಲಾ ಹೂಂಗುಟ್ಟಿ ಕ್ಯಾಮೆರಾ ಎತ್ತಿದಳು. ಒಂದು ಚಿತ್ರ ತೆಗೆದಳು, ಲೆನ್ಸ್ ತಿರುಗಿಸಿ ಹತ್ತಿರಕ್ಕೆ ಎಳೆದು ಇನ್ನೊಂದು ತೆಗೆದಳು. ಆಮೇಲೆ ಕ್ಯಾಮೆರಾ ಇಳಿಸಿ, ಯಾರಿಗೋ ಹೇಳುವಂತೆ, ಆ ದಿನ ಇಲ್ಲೆಲ್ಲ ಹಿಮ ಬಿದ್ದಿತ್ತಲ್ಲವಾ ಎಂದಳು.

ಗಾವ್ಲಿಕ್ ತಲೆಯೆತ್ತಿದ. ಭೂರ್ಜದ ಕೊಂಬೆ ಒಣಗಿ ಕಂದುಬಣ್ಣಕ್ಕೆ ತಿರುಗಿತ್ತು. ಆದರೆ ಬೋಳಾಗಿರಲಿಲ್ಲ. ಕಾಸಿನಗಲದ ಎಲೆಗಳು ನೂರಾರು, ಕಡ್ಡಿ ಕಡ್ಡಿಗೂ ಕಚ್ಚಿಕೊಂಡು ಗಾಳಿಗೆ ಅಲುಗುತ್ತಿದ್ದವು. ಕಡಿದ ಕೊಂಬೆ ಆಮೇಲೆ ಚಿಗುರುವುದಿಲ್ಲ. ಮಾರ್ಚ್ ಮೂವತ್ತೊಂದರಂದು ಈ ಸೀಮೆಯ ಒಂದು ಭೂರ್ಜಕ್ಕೂ ಒಂದು ಎಲೆಯೂ ಇರಲಿಲ್ಲ. ಅವನು ಗುಡಿಸಿದ್ದು, ತೊಳೆದದ್ದು, ಎಣಿಸಿದ್ದು ಎಲ್ಲ ನೆಲದ ಮೇಲಿನದು. ಈ ಎಲೆಗಳ ಕೆಳಗೆ ಸಹಿ ಹಾಕಿದವನೂ ಅವನೇ. ಮೇಸ್ತ್ರಿಯ ಬಳಿಗೆ ಹೋಗಿ, ತುಟಿ ಅಲ್ಲಾಡಿಸದೆ, ಈಗಲೇ ಹತ್ತಿ ಅದನ್ನ ಬಿಚ್ಚಿ ಹಿಂದಿನ ಕಡೆ ಎಸೀರಿ ಎಂದ. ಕ್ಲಿಮೆಕ್ ಮೇಲೆ ನೋಡಲಿಲ್ಲ. ಅವನು ಅದನ್ನು ಬಂದಾಗಲೇ ನೋಡಿದ್ದ, ಇಪ್ಪತ್ತೈದು ದಿನದಿಂದ ಕಣ್ಣು ಮುಚ್ಚಿದಾಗಲೆಲ್ಲ ನೋಡಿದ್ದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ತೆಕ್ಲಾಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ: "ನಾನು ಹತ್ತಲ್ಲ ಯಜಮಾನ್ರೆ. ಕಟ್ಟಿದವನೇ ಬಿಚ್ಚಬೇಕು. ಅವನನ್ನ ಕರೀರಿ."